ಹದಿನಾಲ್ಕನೇ ನಂಬರಿನ ಸೈಕಲ್ಲು

ಹ್ಯಾಂಬರ್ಗಿನ ಆಸಾಮಿ ಸುರಂಗದಾಚೆಯಿಂದ ಫೋನು ಮಾಡಿದ:
ಗಾಳಿ ಜಾಸ್ತಿ, ನಾನು ನಡೆದು ಹೋಗಿ ಬಸ್ಸು ಹತ್ತುತ್ತೇನೆ,
ನಿಮ್ಮ ಸೈಕಲ್ಲು ಹಳೇ ಸ್ಟೇಷನ್ನಿನ ಗೋಡೆಗೆ ಒರಗಿದೆ.
ಅಷ್ಟೇ.
ಅಲ್ಲಿಗೆ ಕಾರು ಹೋಗುವ ಹಾಗಿಲ್ಲ,
ದಾರಿಗಡ್ಡ ಮರದ ತೊಲೆ, ತೊಲೆಗೆ ಬೀಗ.
ಅಕ್ಕನ ಮಗ ಡೋರಿಯಾನೋ ಅಂಗಡಿ ಬಿಡುವ ಹಾಗಿಲ್ಲ.
ಉಳಿದವಳು ನಾನು, ನೇವಿಯಾ, ಐವತ್ತೊಂಬತ್ತು,
ಬಾಡಿಗೆ ಸೈಕಲ್ಲುಗಳ ಚೈನು ಒರೆಸುವವಳು,
ಒಂದನ್ನೂ ಹತ್ತದವಳು.

ಬೆಟ್ಟದೂರಿನ ತನಕ ಹಾಲಿನ ವ್ಯಾನು.
ಅಲ್ಲಿಂದ ನಡಿಗೆ. ಕಾಲಡಿಯ ಜಲ್ಲಿ
ಯಾರೋ ಹುರಿಗಡಲೆ ಅಗಿಯುತ್ತಾ
ಹಿಂದೆಯೇ ಬಂದ ಹಾಗೆ.
ಹೆಸರು ಇಸ್ತ್ರಿಯಾ,
ಒಂದು ಸುಕ್ಕೂ ಬಿಡಿಸಿಲ್ಲ ಯಾರೂ ಈ ನೆಲದ್ದು.
ಮಡಿಕೆಯ ಮೇಲೆ ಮಡಿಕೆ, ತುದಿಯಲ್ಲೊಂದು ಗಂಟೆಗೋಪುರ.

ಒಂದು ಕಾಲಕ್ಕೆ ಇಲ್ಲಿ ಕಿರುಹಳಿಯ ರೈಲು.
ಅಜ್ಜಿ ಮರೀಚಾ ಮೊಟ್ಟೆಬುಟ್ಟಿ ಮಡಿಲಲ್ಲಿಟ್ಟು
ತ್ರಿಯೆಸ್ತೆಯ ಸಂತೆಗೆ ಹೋದದ್ದು ಇದರಲ್ಲೇ.
ಏರು ಬಂದರೆ ಎಂಜಿನ್ನಿಗೆ ಉಬ್ಬಸ.
ಗಂಡಸರು ಇಳಿದು, ಅಂಜೂರ ಕಿತ್ತು ತಿಂದು,
ಓಡದೆಯೇ ಮತ್ತೆ ಹತ್ತುತ್ತಿದ್ದರಂತೆ.
ಅಜ್ಜಿ ಇಳಿದವಳಲ್ಲ.
ದುಡ್ಡು ಕೊಟ್ಟಿದ್ದೇನೆ, ಕೂತೇ ಹೋಗುತ್ತೇನೆ.

ಆಮೇಲೆ ಹಳಿ ಕಿತ್ತರು.
ಯಾವುದೋ ಯುದ್ಧಕ್ಕೆ ಹಡಗಿನಲ್ಲಿ ಒಯ್ದರಂತೆ,
ಹಡಗು ಮುಳುಗಿತಂತೆ,
ಮುಳುಗಲಿಲ್ಲವಂತೆ.

ಸ್ಟೇಷನ್ನಿನ ಗೋಡೆಗೆ ಸೈಕಲ್ಲು ಇರಲಿಲ್ಲ.
ಅದು ಮುದುಕ ಉಚೋನ ಅಡುಗೆಮನೆಯೊಳಗೆ
ಒಲೆಯ ಪಕ್ಕ, ಬಟ್ಟೆಹಗ್ಗದಲ್ಲಿ ಕಟ್ಟಿಸಿಕೊಂಡು
ಹೊಸ ಕರುವಿನ ಹಾಗೆ ನಿಂತಿತ್ತು.
ಬೋರಾ ಎತ್ತಿಕೊಂಡು ಹೋಗುತ್ತಿತ್ತು, ಅಂದ.
ಗಾಳಿ ಬಂದಾಗ ತೂರಿಕೋ ಎಂದವರು
ಈ ಗಾಳಿಯನ್ನು ಕಂಡವರಲ್ಲ,
ಇದು ಕಾಳನ್ನೂ ಬಿಡುವುದಿಲ್ಲ.

ಸೀಟು ನನ್ನ ಪಕ್ಕೆಲುಬಿನೆತ್ತರ.
ಆರುಮೂಲೆಯ ಪುಟ್ಟ ಚಾವಿ ಇದ್ದರೆ ಇಳಿಸಬಹುದಿತ್ತು,
ಚಾವಿ ಡೋರಿಯಾನೋನ ಮೇಜಿನ ಮೇಲೆ.
ಉಚೋ ಮಂಚದಡಿ ತಡಕಿ ಒಂದು ಸ್ಪ್ಯಾನರು ತಂದ,
ಅವನಪ್ಪ ಹಳಿಯ ಬೋಲ್ಟು ಬಿಗಿದದ್ದು, ತೋಳಿನುದ್ದ.
ಇಬ್ಬರೂ ನಕ್ಕೆವು. ಒಂದೊಂದು ಲೋಟ ಮಲ್ವಾಜಿಯಾ.
ದಿನಕ್ಕೆಷ್ಟು ಬಾಡಿಗೆ? ಮೂವತ್ತು ಯೂರೋ.
ರೈಲೇ ವಾಸಿ, ಅಂದ.

ಹಾಗಾಗಿ ಅಜ್ಜಿ ಕೂತೇ ಹೋದ ದಾರಿಯಲ್ಲಿ
ನಾನು ನಿಂತೇ ಬಂದೆ,
ಪೆಡಲಿನ ಮೇಲೆ, ಮೊಣಕಾಲು ಶಪಿಸುತ್ತಾ,
ಹನ್ನೊಂದು ಕಿಲೋಮೀಟರು.

ಸುರಂಗದೊಳಗೆ ನೀರು ತೊಟ್ಟಿಕ್ಕಿ ಕತ್ತಿಗಿಳಿಯಿತು.
ಸೇತುವೆಯ ಮೇಲೆ ಇಳಿದು, ಕಂಬಿ ಹಿಡಿದು, ತಳ್ಳಿದೆ,
ಕೆಳಗೆ ಕಣಿವೆಯ ತುಂಬ ಆಲಿವ್ ಮರಗಳು
ಒಮ್ಮೆ ಹಸಿರು, ಒಮ್ಮೆ ಬೆಳ್ಳಿ,
ಗಾಳಿ ಪುಟ ತಿರುವಿದ ಹಾಗೆಲ್ಲ.
ನಲವತ್ತು ವರ್ಷ ಬಸ್ಸಿನ ಕಿಟಕಿಯಿಂದ
ನಾನು ನೋಡಿದ್ದು ಊರುಗಳ ಮುಖ ಮಾತ್ರ.
ಈ ದಾರಿಗೆ ಗೊತ್ತಿರುವುದು ಬೆನ್ನು:
ಕೋಳಿಗೂಡು, ಒಣಹಾಕಿದ ಒಳಉಡುಪು,
ಕಿತ್ತುಬಂದ ಗಾರೆ, ಹೊಗೆಸೊಪ್ಪು ಸೇದುತ್ತಾ ಅವಿತ ಸೊಸೆ.
ಕೈಯೆತ್ತಿದಳು. ನಾನು ಎತ್ತಲಾರೆ,
ಬ್ರೇಕಿನ ಮೇಲಿದ್ದವು ಎರಡೂ.

ಮತ್ತೊಂದು ಏರಿನಲ್ಲಿ ತಿಳಿಯಿತು ಆ ವಿಷಯ.
ಏರು, ಆದರೆ ಎದೆಯೊಡೆಯಲಿಲ್ಲ.
ಬೆಟ್ಟವನ್ನು ನೇರ ಹತ್ತದೆ
ಸೊಂಟ ಬಳಸಿ, ಪುಸಲಾಯಿಸಿ, ಒಯ್ಯುತ್ತಿತ್ತು ದಾರಿ.
ಬಡ ಎಂಜಿನ್ನೊಂದರ ಉಸಿರಿಗೆ ತಕ್ಕಷ್ಟೇ
ಯಾರೋ ಅಳೆದು ಕಡಿದ ಕಲ್ಲು ಇದು.
ಎಂಜಿನ್ನು ಹೋಯಿತು, ಹಳಿ ಹೋಯಿತು,
ಉಸಿರಿನ ಅಳತೆ ಉಳಿದಿತ್ತು,
ನನ್ನದಕ್ಕೂ ಅದು ಸರಿಹೊಂದಿತು.
ಅಂಜೂರದ ಮರ ಕಂಡಲ್ಲಿ ಇಳಿದೆ.
ಎರಡು ತಿಂದೆ. ಹುಳುವಿತ್ತು ಒಂದರಲ್ಲಿ.

ಡೋರಿಯಾನೋ ಬಿಲ್ಲಿಗೆ ಸೇರಿಸಿದ: ಸೈಕಲ್ಲು ತಂದ ಕೂಲಿ, ಇಪ್ಪತ್ತು.
ಹೊಡೆದುಹಾಕಿದೆ.
ಚಾವಿ ತಗೊಂಡು ಹದಿನಾಲ್ಕರ ಸೀಟನ್ನು
ಗೇಣು ಇಳಿಸಿ, ಬಿಗಿದೆ.
ಆ ಚಾವಿ ಎಲ್ಲಿ ಎಂದು ಮೂರು ದಿನದಿಂದ ಹುಡುಕುತ್ತಿದ್ದಾನೆ.
ನನ್ನ ಏಪ್ರನ್ನಿನ ಜೇಬಲ್ಲಿ
ಅದು ಆಗಾಗ ತೊಡೆಗೆ ತಗುಲುತ್ತದೆ.